ಓಟಿನ ರೊಕ್ಕ: ಹಂಚುವ ಲೆಕ್ಕ, ವಸೂಲಿ ಲೆಕ್ಕ

ಓದುಗರ ಪ್ರಶ್ನೆ – ನಮ್ಮ ಉತ್ತರ

ಸ್ಥಳೀಯ ಚುನಾವಣೆಯಲ್ಲಿ ಓಡಾಡುವ ಹಣದ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಹಂಚಿಕೆ, ಸಾಲ, ಕಾಮಗಾರಿಗಳ ಲೆಕ್ಕದಲ್ಲಿ ಬರುವ ಮೊತ್ತಗಳು ತಿಳಿಸಿ ಹೇಳಲಿಕ್ಕೆ ನಾವು ಹಿಡಿದ ಉದಾಹರಣೆಗಳು. ಯಾವುದೇ ಒಂದು ಊರಿನವಲ್ಲ.

ಪ್ರಶ್ನೆ (ನರಗುಂದ): ನಮ್ಮ ವಾರ್ಡಿನ್ಯಾಗ ಮೂರು ಮಂದಿ ಕೂಡಿ ಮನಿಮನಿಗೆ ರೊಕ್ಕ ಹಂಚ್ಯಾರ. ಪಂಚಾಯ್ತಿ ಮೆಂಬರಗ ಸಿಗೂ ಗೌರವಧನ ನೋಡಿದ್ರ ಇದು ಹ್ಯಾಂಗ ಹೊಂದತೈತಿ? ಲೆಕ್ಕ ಬಿಡಿಸಿ ಹೇಳ್ರಿ.

ಉತ್ತರ: ಗೌರವಧನದಲ್ಲಿ ಹೊಂದುವುದೇ ಇಲ್ಲ. ತಿಂಗಳಿಗೆ ಬರುವ ಕೆಲವೇ ಸಾವಿರದಲ್ಲಿ ಚುನಾವಣೆಗೆ ಮಾಡಿದ ಸಾಲದ ಬಡ್ಡಿಯೂ ತೀರುವುದಿಲ್ಲ. ಮೊದಲು ಹಂಚುವ ಲೆಕ್ಕ ನೋಡೋಣ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯ. ಒಂದೇ ವಾರ್ಡಿಗೆ ಎರಡು–ಮೂರು ಸ್ಥಾನ ಇರುವುದುಂಟು. ಎಷ್ಟು ಸ್ಥಾನವೋ ಒಬ್ಬ ಮತದಾರನಿಗೆ ಅಷ್ಟು ಓಟು. ಮೂರು ಸ್ಥಾನದ ವಾರ್ಡ್ ಎಂದರೆ 1,200 ಜನ, ಹೆಚ್ಚುಕಡಿಮೆ 850 ಮತದಾರರು. ಮೂವರು ಕೂಡಿ ಹಂಚುವುದು ಇದೇ ಕಾರಣಕ್ಕೆ: ಒಂದು ಸಲ ಮನೆ ಹೊಕ್ಕರೆ ಮೂರು ಓಟು ಕೇಳಬಹುದು, ಖರ್ಚು ಮೂರು ಪಾಲಾಗುತ್ತದೆ.

ಒಬ್ಬ ಅಭ್ಯರ್ಥಿ 450 ಮತದಾರರಿಗೆ ತಲಾ 500 ರೂಪಾಯಿ ಎತ್ತಿಟ್ಟ ಎನ್ನಿ. ಒಟ್ಟು 2,25,000. ಈ ಹಣ ಅವನೇ ಕೈಯಾರೆ ಹಂಚುವುದಿಲ್ಲ. ಓಣಿಗೊಬ್ಬ ಮುಖಂಡ, ಅವನ ಕೆಳಗೆ ಇಬ್ಬರು ಹುಡುಗರು. ಮೂರರಲ್ಲೊಂದು ಪಾಲು ದಾರಿಯಲ್ಲೇ ನಿಂತರೆ ತಲುಪಿದ್ದು 300 ಜನಕ್ಕೆ. ಅವರಲ್ಲಿ 200 ಮಂದಿ ಬೀಗರು, ಬಿಜ್ಜರು, ಸ್ವಂತ ಜಾತಿಯವರು, ರೊಕ್ಕ ಇಲ್ಲದಿದ್ದರೂ ಅವನಿಗೇ ಹಾಕುವವರು. ಉಳಿದ 100 ಮಂದಿಗೆ ಎದುರಿನವನದೂ ಮುಟ್ಟಿರುತ್ತದೆ. ಅದರಲ್ಲಿ ಅರ್ಧ ಇವನ ಕಡೆ ವಾಲಿದರೂ ಹಣದಿಂದ ಬಂದ ಓಟು 50. ಅಂದರೆ ಒಂದು ಓಟಿಗೆ ಬಿದ್ದದ್ದು 500 ಅಲ್ಲ, 4,500 ರೂಪಾಯಿ.

ಇದು ಅಭ್ಯರ್ಥಿಗಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಮುಂಬೈ ಚುನಾವಣೆಗಳಲ್ಲಿ ಹಂಚಿಕೆಯನ್ನು ಹತ್ತಿರದಿಂದ ನೋಡಿದ ಸಂಶೋಧಕ ಸೈಮನ್ ಶೋಶಾರ್ 2018ರಲ್ಲಿ ಬರೆದದ್ದೂ ಇದನ್ನೇ: ಹಣ ಓಟು ತರುತ್ತದೆಂಬ ಭರವಸೆ ಹಂಚುವವರಿಗೇ ಇಲ್ಲ, ಎದುರಾಳಿ ಕೊಡುತ್ತಾನೆ, ತಾನು ಬಿಟ್ಟರೆ ಕೆಟ್ಟೆ ಎಂಬ ಅಂಜಿಕೆಯಿಂದ ಕೊಡುತ್ತಾರೆ. ನಮ್ಮ ಕಡೆಯೂ ‘ಅಂವಾ ಏನೂ ಬಿಚ್ಚವಲ್ಲ, ಗೆಲ್ಲೂದಿಲ್ಲ ತಗೀ’ ಎಂಬ ಒಂದು ಮಾತು ಓಣಿಯಲ್ಲಿ ಹರಡಿದರೆ ಸಾಕು. ಹೀಗಾಗಿ ಮುಖಂಡನಿಗೆ ಕೊಡುವ ಹಣದಲ್ಲಿ ಒಂದು ಪಾಲು ಅವನು ಆ ಕಡೆ ಜಿಗಿಯದಿರಲಿ ಎಂದು ಕೊಟ್ಟದ್ದು. ಮತದಾರನ ಹೆಸರಲ್ಲಿ ಹೊರಟ ರೊಕ್ಕದಲ್ಲಿ ಅಷ್ಟು ಮತದಾರನದ್ದೇ ಅಲ್ಲ.

ಈಗ ವಸೂಲಿ. ಭೂಮಿಯ ಮೇಲೋ ಕೈಗಡವೋ ನೂರಕ್ಕೆ ತಿಂಗಳಿಗೆ ಮೂರರಂತೆ 4 ಲಕ್ಷ ತಂದವನಿಗೆ ತಿಂಗಳ ಬಡ್ಡಿಯೇ 12,000. ಅಧ್ಯಕ್ಷಗಿರಿಯ ಅವಧಿಯಾದ 30 ತಿಂಗಳಿಗೆ 3,60,000. ಅಸಲು ಬೇರೆ. ಈ ಬಾಧೆ ಹೊತ್ತು ಒಳಗೆ ಬಂದವನು ಮೊದಲು ನೋಡುವುದು ಹಣ ಎಲ್ಲಿ ಸಹಿಗೆ ನಿಲ್ಲುತ್ತದೆ ಎಂದು. ಗ್ರಾಮ ಪಂಚಾಯ್ತಿಯಲ್ಲಿ ಬಿಲ್ ಪಾವತಿಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರ ಡಿಜಿಟಲ್ ಸಹಿ ಎರಡೂ ಬೇಕು. ಅದು ಇರುವುದು ಪೆನ್‌ಡ್ರೈವ್‌ನಂಥ ಡೋಂಗಲ್‌ನಲ್ಲಿ. ಅಧ್ಯಕ್ಷರ ಆಯ್ಕೆಗೆ ಮುನ್ನ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ದು ಕಾಯುವುದು ಆ ಡೋಂಗಲ್ ಯಾರ ಕೈಗೆ ಹೋಗಬೇಕು ಎಂಬುದಕ್ಕೆ. ಅಧ್ಯಕ್ಷರು ಮಹಿಳೆಯಾದರೆ ಡೋಂಗಲ್ ಗಂಡನ ಅಥವಾ ಮೈದುನನ ಜೇಬಿನಲ್ಲಿರುವುದನ್ನು ಎಷ್ಟೋ ಊರುಗಳಲ್ಲಿ ಕಾಣಬಹುದು.

ಹಣ ಎಲ್ಲಿ ಸೋರುತ್ತದೆ ಎಂಬುದಕ್ಕೆ ಓಣಿಯ ಸಿಸಿ ರಸ್ತೆ ನೋಡಿ. ಅಂದಾಜು ಪಟ್ಟಿಯಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ ಕಾಂಕ್ರೀಟ್ 45 ಘನ ಮೀಟರ್. ಉದ್ದ ಅಗಲ ಕದಿಯಲು ಬರುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ದಪ್ಪ ಕದಿಯಬಹುದು. 10 ಸೆಂಟಿಮೀಟರ್ ಹಾಕಿದರೆ 30 ಘನ ಮೀಟರಿನಲ್ಲಿ ಕೆಲಸ ಮುಗಿಯಿತು, ಅಳತೆ ಪುಸ್ತಕದಲ್ಲಿ 45 ಬರೆದಾಯಿತು. ಕೆಲವು ಕಡೆ ಎರಡೂ ಅಂಚಿನಲ್ಲಿ ಮಾತ್ರ ಪೂರಾ 15 ಇಟ್ಟು ನಡುವೆ ತೆಳು ಮಾಡುವುದೂ ಇದೆ. ಆದ್ದರಿಂದ ಟೇಪು ಹಿಡಿಯುವುದಾದರೆ ಕಾಂಕ್ರೀಟ್ ಬೀಳುವ ದಿನವೇ, ಅದು ಬೀಳುವ ಮೊದಲೇ, ಹಲಗೆಯಿಂದ ಹಲಗೆಗೆ ದಾರ ಎಳೆದು ನಡುವಿನಲ್ಲಿ ನೆಲದವರೆಗೆ ಅಳೆಯಬೇಕು. ಮೊದಲ ಮಳೆಗಾಲ ದಾಟಿ, ಹತ್ತಿಯೋ ಮೆಕ್ಕೆಜೋಳವೋ ಹೇರಿದ ಟ್ರ್ಯಾಕ್ಟರ್ ನಾಲ್ಕು ಸಲ ಓಡಾಡಿದ ಮೇಲೆ ನಡುವೆ ಬಿರುಕು ಬಿಡುವುದು ಈ ಕದ್ದ ದಪ್ಪದಿಂದಲೇ.

ಪ್ರಶ್ನೆ (ಹಳೇ ಹುಬ್ಬಳ್ಳಿ): ಎಲ್ಲಾರ ಕಡೆ ತಗೊಂಡು ಮನಸ್ಸಿಗೆ ಬಂದವರಿಗೆ ಹಾಕಿದ್ರ ತಪ್ಪೇನು? ಅವ್ರೇನು ಅವರ ಅಪ್ಪನ ಮನಿಯಿಂದ ತಂದು ಕೊಡ್ತಾರೇನ್ರಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಮೂರು ಮಾತು ಹೇಳಬೇಕು.

ಕಾನೂನಿನಲ್ಲಿ ಕೊಟ್ಟವನಷ್ಟೇ ತಪ್ಪು ತೆಗೆದುಕೊಂಡವನದೂ. ಮೊದಲು ದಂಡ ಸಂಹಿತೆಯ 171ಬಿ, 171ಇ ಕಲಂಗಳಲ್ಲಿದ್ದ ಈ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 170, 173ನೇ ಕಲಂಗಳಲ್ಲಿದೆ. ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಊಟ, ಕುಡಿತ, ಮನರಂಜನೆಯ ರೂಪದ ಲಂಚಕ್ಕೆ ದಂಡ ಮಾತ್ರ. ಚುನಾವಣೆ ಹತ್ತಿರ ಬಂದಾಗ ಢಾಬಾಗಳಲ್ಲಿ ಸಾವಜಿ ಊಟದ ಸಾಲು ಬೆಳೆಯುವುದಕ್ಕೆ ಈ ರಿಯಾಯಿತಿಯೂ ಒಂದು ಕಾರಣ ಇರಬಹುದು.

ಎರಡನೆಯದು ಮನಸ್ಸಿನ ವಿಷಯ. ಫಿಲಿಪೀನ್ಸ್‌ನ ಸೊರ್ಸೊಗಾನ್ ನಗರದಲ್ಲಿ 2013ರ ಸ್ಥಳೀಯ ಚುನಾವಣೆ ಹೊತ್ತಿನಲ್ಲಿ ಸಂಶೋಧಕರು ಒಂದು ಗುಂಪಿನಿಂದ ‘ಹಣ ಮುಟ್ಟುವುದಿಲ್ಲ’ ಎಂದು ಮಾತು ತೆಗೆದುಕೊಂಡರು, ಇನ್ನೊಂದು ಗುಂಪಿನಿಂದ ‘ಹಣ ಪಡೆದರೂ ಮನಸ್ಸಿನಂತೆ ಹಾಕುತ್ತೇವೆ’ ಎಂದು. ಮೊದಲ ಗುಂಪಿನಲ್ಲಿ ಓಟು ಮಾರಾಟ ಕಡಿಮೆಯಾಯಿತು. ಎರಡನೆಯದರಲ್ಲಿ ಅಷ್ಟು ಪರಿಣಾಮ ಆಗಲಿಲ್ಲ. ಪಡೆದಾದ ಮೇಲೆ ಋಣ ಎಂಬುದು ಒಳಗೊಳಗೇ ಕೆಲಸ ಮಾಡುತ್ತದೆ. ಒಬ್ಬರಿಗೆ ಮೂರು ಓಟಿರುವ ವಾರ್ಡಿನಲ್ಲಿ ‘ಎರಡು ನನ್ನ ಮನಸ್ಸಿನವರಿಗೆ, ಒಂದು ಅವಗ’ ಎಂದು ಸಮಾಧಾನ ಮಾಡಿಕೊಳ್ಳುವುದು ಇನ್ನೂ ಸುಲಭ. ಹಂಚುವವನು ಕೇಳಿದ್ದೂ ಆ ಒಂದನ್ನೇ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಎಲ್ಲರ ಕಡೆಯಿಂದಲೂ ತೆಗೆದುಕೊಂಡರೆ ಎಲ್ಲರ ಖರ್ಚೂ ಏರುತ್ತದೆ. ಎರಡು ಲಕ್ಷ ಬಿಚ್ಚಲಾಗದ ಅಂಗನವಾಡಿಯ ನಿವೃತ್ತ ಕಾರ್ಯಕರ್ತೆ, ಊರಿನ ಬಗ್ಗೆ ಕಳಕಳಿ ಇರುವ ಸಣ್ಣ ರೈತ, ಇಂಥವರು ನಾಮಪತ್ರವನ್ನೇ ಹಾಕುವುದಿಲ್ಲ. ನಿಮ್ಮ ಮನಸ್ಸಿನವರು ಪಟ್ಟಿಯಲ್ಲೇ ಇಲ್ಲದಿದ್ದರೆ ಮನಸ್ಸಿನಂತೆ ಹಾಕುವುದು ಯಾರಿಗೆ?

ಪ್ರಶ್ನೆ (ಸವಣೂರು): ರೊಕ್ಕ ಕೊಡುವಾಗ ಭಂಡಾರ (ದೇವರ ಅರಿಶಿನ ಪುಡಿ) ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಾರೆ. ನಮ್ಮ ತಾಯಿ ಅದಕ್ಕೇ ಹೆದರಿ ಅವರಿಗೇ ಹಾಕುತ್ತೇನೆ ಎನ್ನುತ್ತಾರೆ. ಏನು ಹೇಳಲಿ?

ಉತ್ತರ: ಆಣೆ ಮಾಡಿಸುವುದು ಏಕೆಂದರೆ ಅವರ ಬಳಿ ಬೇರೆ ದಾರಿ ಇಲ್ಲ. ಒಳಗೆ ಹೋಗಿ ನೋಡಲು ಬಾರದ ಕಡೆ ದೇವರನ್ನು ಕಾವಲಿಗೆ ಹಾಕುತ್ತಾರೆ. ಈ ಓಟು ಹಾಕದಿದ್ದರೆ ದೈವದ ಕೋಪಕ್ಕೆ ಗುರಿಯಾಗುತ್ತೀ ಎಂದು ಮತದಾರರನ್ನು ನಂಬಿಸುವುದೇ ಒಂದು ಅಪರಾಧ. ಕಾನೂನಿನಲ್ಲಿ ಇದನ್ನು ಅನುಚಿತ ಪ್ರಭಾವ ಎನ್ನುತ್ತಾರೆ. ನ್ಯಾಯ ಸಂಹಿತೆಯ 171ನೇ ಕಲಂ ಇದನ್ನು ಸ್ಪಷ್ಟವಾಗಿ ಹೆಸರಿಸಿ ಹೇಳಿದೆ. ಅವ್ವನಿಗೆ ಹೇಳಿ: ದೇವರ ಮುಂದೆ ತಪ್ಪು ಮಾಡಿದ್ದು ಭಂಡಾರ ಹಿಡಿದುಕೊಂಡು ಬಂದವರು. ಓಣಿಯ ಪೂಜಾರಿಯೋ ಮಠದ ಅಜ್ಜಾರೋ ಇದೇ ಮಾತನ್ನು ಜನರೆದುರು ಹೇಳಿದರೆ ನಮ್ಮ ಬರಹಕ್ಕಿಂತ ಹೆಚ್ಚು ತೂಕ ಬರುತ್ತದೆ. ಕೇಳಿ ನೋಡಿ.

ಪ್ರಶ್ನೆ (ರಾಣೆಬೆನ್ನೂರು): ಯಾರು ಯಾರಿಗೆ ಹಾಕಿದರು ಎಂದು ಇವರಿಗೆ ಗೊತ್ತಾಗುತ್ತದೆಯೇ?

ಉತ್ತರ: ಒಬ್ಬೊಬ್ಬರದು ಗೊತ್ತಾಗುವುದಿಲ್ಲ. ಗುಂಪಿನದು ಗೊತ್ತಾಗುತ್ತದೆ. ಮತಯಂತ್ರದ ಚುನಾವಣೆಯಲ್ಲಿ ಎಣಿಕೆ ಮತಗಟ್ಟೆವಾರು ಹೊರಬರುತ್ತದೆ; ಒಂದು ಮತಗಟ್ಟೆ ಎಂದರೆ ಬಹುಪಾಲು ಒಂದೆರಡು ಓಣಿ ಅಥವಾ ಒಂದು ಕೇರಿ. ‘ನಿಮ್ಮ ಕೇರಿಯಾಗ ನನಗ ಬಿದ್ದದ್ದು ಇಷ್ಟ’ ಎಂದು ಗೆದ್ದವನು ಮರುದಿನವೇ ಹೇಳುವುದು ಹೀಗೆ. ಹಲವು ಮತಗಟ್ಟೆಗಳ ಯಂತ್ರ ಜೋಡಿಸಿ ಒಟ್ಟಿಗೆ ಎಣಿಸುವ ಟೋಟಲೈಸರ್ ಬೇಕೆಂದು ಕೇಂದ್ರ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಜಾರಿಗೆ ಬರಲಿಲ್ಲ. ಗ್ರಾಮ ಪಂಚಾಯ್ತಿ ವಾರ್ಡ್ ಅಂತೂ ಒಂದೆರಡು ಮತಗಟ್ಟೆಯದ್ದೇ, ಅಲ್ಲಿ ಬೆರೆಸಿದರೂ ಹೆಚ್ಚು ಮರೆಯಾಗುವುದಿಲ್ಲ.

ಕಣ್ಣಿಗೆ ಕಾಣುವುದು ಬೆರಳಿನ ಶಾಯಿ ಒಂದೇ. ಆದ್ದರಿಂದ ಹಣ ಹಾಕಿದ್ದಕ್ಕೆ ನಿಚ್ಚಳ ಪುರಾವೆ ಸಿಗುವುದು ‘ಬಂದನೋ ಇಲ್ಲವೋ’ ಎಂಬುದಕ್ಕೆ ಮಾತ್ರ. ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರನ್ನು ಗಾಡಿ ಮಾಡಿ ಕರೆಸುವುದು ಈ ಲೆಕ್ಕದ ಮೇಲೆ: ತನ್ನವನೇ ಎಂದು ಖಾತ್ರಿ ಇರುವವನಿಗೆ ಗಾಡಿ ಚಾರ್ಜು, ಎರಡು ದಿನದ ಪಗಾರ, ಊಟ. ಎದುರಿನವನ ಕಡೆಯವರಿಗೆ ಇದರ ಉಲ್ಟಾ. ಮತಗಟ್ಟೆಗೇ ಬಾರದಂತೆ ಹಣ ಕೊಟ್ಟು ಗುರುತಿನ ಚೀಟಿ ತೆಗೆದಿಟ್ಟುಕೊಳ್ಳುವುದು.

ಪ್ರಶ್ನೆ (ಶಿರಹಟ್ಟಿ): ಊರ ಹಿರಿಯರು ಕೂತು ಮೆಂಬರ್‌ಗಿರಿ ಸವಾಲು (ಹರಾಜು) ಮಾಡಿ ಆ ರೊಕ್ಕ ಗುಡಿ ಕಟ್ಟಲಿಕ್ಕೆ ಹಾಕಿದರೆ ಕುಡಿತ ಜಗಳ ತಪ್ಪುತ್ತದಲ್ಲ? ಒಳ್ಳೇದೇ ಅಲ್ಲವೇ?

ಉತ್ತರ: ಅಲ್ಲ. 2020ರ ಡಿಸೆಂಬರ್ ಚುನಾವಣೆ ಹೊತ್ತಿನಲ್ಲಿ ರಾಜ್ಯದ ಕೆಲವೆಡೆ ಹೀಗೆ ಹರಾಜಾದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಇದು ಅಪರಾಧವೆಂದು ಎಚ್ಚರಿಸಿತ್ತು. ಲೆಕ್ಕದಲ್ಲಿಯೂ ಇದು ಒಳ್ಳೆಯದಲ್ಲ. ಮೊದಲು ಮನೆಮನೆಗೆ ಹೋಗುತ್ತಿದ್ದ ರೊಕ್ಕ ಈಗ ಒಂದೇ ಗಂಟಾಗಿ ಕಮಿಟಿಗೆ ಹೋಯಿತು. ಸವಾಲು ಹಿಡಿದವನ ವಸೂಲಿ ಹಾಗೇ ಉಳಿಯಿತು. ಮೇಲಾಗಿ ಮತದಾರನಿಗೆ ಅವನನ್ನು ಕೆಡವುವ ಒಂದು ದಿನವೂ ಇಲ್ಲದಾಯಿತು. ಸವಾಲಿನ ಕಟ್ಟೆಗೆ ಹೆಣ್ಣುಮಕ್ಕಳನ್ನು, ದಲಿತ ಕೇರಿಯವರನ್ನು ಎಷ್ಟು ಊರಲ್ಲಿ ಕರೆಯುತ್ತಾರೆ? ಮೀಸಲು ಸ್ಥಾನವನ್ನು ಕೂಡ ಮೇಲ್ಜಾತಿಯ ಹಣವಂತನೊಬ್ಬ ತನ್ನ ಆಳಿನ ಹೆಸರಲ್ಲಿ ಸವಾಲು ಹಿಡಿಯಲು ಇದರಲ್ಲಿ ದಾರಿ ಇದೆ. ಎಲ್ಲರೂ ಕೂಡಿ, ಹಣದ ಮಾತಿಲ್ಲದೆ, ಒಬ್ಬರನ್ನು ಒಪ್ಪಿ ಅವಿರೋಧ ಆರಿಸುವುದು ಬೇರೆ ವಿಷಯ. ಅದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ (ಧಾರವಾಡ): ನಮ್ಮ ಬಡಾವಣೆಯಲ್ಲಿ ಹಣ ಹಂಚುವುದು ಕಡಿಮೆ. ಆದರೆ ಪಿಂಚಣಿ, ಖಾತೆ, ನೀರು ಯಾವುದಕ್ಕೂ ಸದಸ್ಯರ ಕಡೆಯವರನ್ನೇ ಹಿಡಿಯಬೇಕು. ಇದೂ ಓಟಿನ ವ್ಯಾಪಾರವೇ?

ಉತ್ತರ: ಇದೇ ದೊಡ್ಡ ವ್ಯಾಪಾರ. ಕತ್ತಲ ರಾತ್ರಿಯ ನೋಟು ಒಂದು ರಾತ್ರಿಯದು, ಈ ಹಂಗು ಐದು ವರ್ಷದ್ದು. ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನ ನಡೆದಾಗ ಮತದಾರರು ಸುಮಾರು 8 ಲಕ್ಷ. ವಾರ್ಡಿಗೆ ಹತ್ತು ಸಾವಿರದ ಹತ್ತಿರ. ಇಷ್ಟು ಮಂದಿಗೆ ಕೈಯಿಂದ ಹಂಚಿ ಪೂರೈಸುವುದು ಕಷ್ಟ. ಸರ್ಕಾರದ ಕೆಲಸವನ್ನೇ ತನ್ನ ಉಪಕಾರ ಮಾಡಿ ತೋರಿಸುವುದು ಅಗ್ಗ, ಏಕೆಂದರೆ ಖರ್ಚು ಸರ್ಕಾರದ್ದು.

ಇದು ನಡೆಯಬೇಕಾದರೆ ಎರಡು ಬೇಕು: ಸೇವೆ ವಿರಳವಾಗಿರಬೇಕು, ಅದನ್ನು ತಡೆಯುವ ಬಿಡುವ ಕೈ ಒಂದಿರಬೇಕು. ನೀರು ಇದಕ್ಕೆ ಹೇಳಿ ಮಾಡಿಸಿದ್ದು. ದಿನಾ ನೀರು ಬರುವ ಓಣಿಯಲ್ಲಿ ವಾಲ್ ತಿರುಗಿಸುವವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಗದಗ-ಬೆಟಗೇರಿಯಲ್ಲಿ ಎಷ್ಟೋ ದಿನಕ್ಕೊಮ್ಮೆ ನೀರು ಕಾಣುವ ಓಣಿಗಳಲ್ಲಿ ಅವನ ಫೋನ್ ನಂಬರ್ ಪ್ರತಿ ಮನೆಯಲ್ಲಿದೆ, ಅವನಿಗೆ ಯಾರು ಹೇಳಿದರೆ ಕೆಲಸವಾಗುತ್ತದೆ ಎಂಬುದೂ ಗೊತ್ತಿದೆ. ಟ್ಯಾಂಕರ್ ಯಾವ ಮೂಲೆಗೆ ಮೊದಲು ತಿರುಗಬೇಕು ಎಂಬುದು ಹೀಗೇ ತೀರ್ಮಾನವಾಗುತ್ತದೆ.

ಈ ಹಂಗನ್ನು ಸಡಿಲಿಸಲು ಬರುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ವಯಸ್ಸು 65 ಆಗಿದ್ದರೆ ಅರ್ಜಿ ನಾಡಕಚೇರಿಯಲ್ಲಿ ನೀವೇ ಕೊಡಿ. ಕೊಟ್ಟ ಮೇಲೆ ಸಕಾಲದ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಕೈಗೆ ಬಾರದೆ ಕಿಟಕಿ ಬಿಡಬೇಡಿ. ಎಲ್ಲ ತಪ್ಪುವುದು ಇಲ್ಲೇ: ‘ಕಾಗದ ಇಟ್ಟು ಹೋಗ್ರಿ, ನೋಡೋಣು’ ಎಂದರೆ ಅರ್ಜಿಯೇ ದಾಖಲಾಗಿಲ್ಲ, ಅವಧಿಯ ಎಣಿಕೆ ಶುರುವೇ ಆಗಿಲ್ಲ. ಸಂಖ್ಯೆ ಇದ್ದರೆ ಗಡುವು ಮೀರಿದಾಗ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಲು 2011ರ ಸಕಾಲ ಕಾಯ್ದೆಯಲ್ಲಿ ಅವಕಾಶವಿದೆ. ಹಳ್ಳಿಯವರು ಇ-ಸ್ವತ್ತಿನ ಆಸ್ತಿ ನಮೂನೆಗಳಿಗೂ ಇದೇ ರೀತಿ ಸ್ವೀಕೃತಿ ಹಿಡಿಯಬೇಕು. ಈ ಕಾಗದಗಳ ಮೇಲೆ ಎಷ್ಟು ರೊಕ್ಕ ಓಡಾಡುತ್ತದೆ ಎಂದು ಮನೆ ಮಾರಿದವರಿಗೆ ಗೊತ್ತು.

ಇನ್ನು ಹಳ್ಳಿಯ ಮನೆ ಹಂಚಿಕೆ. ಬಸವ ವಸತಿಯಂಥ ಯೋಜನೆಯ ಹಣ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಫೋಟೊ ಏರಿಸಿದ ಮೇಲೆ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಹಣದ ಮೇಲೆ ಸದಸ್ಯನ ಹಿಡಿತ ಇಲ್ಲ. ಹಿಡಿತ ಇರುವುದು ಎರಡು ಕಡೆ: ಪಟ್ಟಿಗೆ ಹೆಸರು ಬರುವಾಗ, ಫೋಟೊ ಏರಿಸುವಾಗ. ಪಟ್ಟಿಯ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು, ಹೆಸರು ಓದಿ ಹೇಳಬೇಕು, ನಡಾವಳಿಯಲ್ಲಿ ಬರೆಯಬೇಕು. ಬೆಸ್ಲಿ, ಪಾಂಡೆ, ರಾವ್ ಎಂಬ ಅರ್ಥಶಾಸ್ತ್ರಜ್ಞರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರಾಮಸಭೆ ನಡೆದ ಊರುಗಳಲ್ಲಿ ಬಿಪಿಎಲ್ ಕಾರ್ಡು ಭೂಮಿ ಇಲ್ಲದವರಿಗೆ, ಅಕ್ಷರ ಬಾರದವರಿಗೆ ಹೆಚ್ಚು ಸರಿಯಾಗಿ ಮುಟ್ಟಿತ್ತು. ಮನೆಮನೆಗೆ ತಿರುಗಿ ಸಹಿ ಹಾಕಿಸಿಕೊಂಡು ಮಾಡಿದ ‘ಗ್ರಾಮಸಭೆ’ಗೆ ಆ ಗುಣ ಇಲ್ಲ. ಸಭೆ ಮುಗಿದ ಸ್ಥಳದಲ್ಲೇ ನಡಾವಳಿ ಪುಸ್ತಕದ ಪುಟದ ಫೋಟೊ ತೆಗೆದುಕೊಳ್ಳಿ. ಆಮೇಲೆ ನಡುವೆ ಹೆಸರು ತುರುಕಲು ಬಾರದು.

ಪ್ರಶ್ನೆ (ಹಾನಗಲ್): ಮೆಂಬರಾದವರು ತಾವೂ ಓಟು ಮಾರಿಕೊಳ್ಳುತ್ತಾರಂತೆ, ಹೌದೇ?

ಉತ್ತರ: ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಚುನಾವಣೆ ಬಗ್ಗೆ ಈ ದೂರು ಹಳೆಯದು. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರುತ್ತವೆ, ಸ್ಥಾನ ಎರಡು. 2021ರ ಡಿಸೆಂಬರ್ 10ರಂದು ಮತದಾನ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದಿತ್ತು. ಹೀಗಾಗಿ ಓಟಿನ ಬಹುಪಾಲು ಗ್ರಾಮ ಪಂಚಾಯ್ತಿ ಸದಸ್ಯರದೇ ಆಯಿತು. ಮತದಾರರು ಕೆಲವೇ ಸಾವಿರ, ಹೆಸರು ಊರು ಎಲ್ಲ ಪಟ್ಟಿಯಲ್ಲಿ ಇದೆ, ಮತದಾನ ಗುಪ್ತ. ಮತದಾರರು ಕಡಿಮೆಯಾದಷ್ಟೂ ಒಂದು ಓಟಿನ ಬೆಲೆ ಏರುತ್ತದೆ. ವಾರ್ಡಿನಲ್ಲಿ ಹಂಚಿ ಗೆದ್ದವನು ಈ ಚುನಾವಣೆಯನ್ನು ವಸೂಲಿಯ ಮೊದಲ ಕಂತು ಎಂದು ನೋಡುವುದು ಇದಕ್ಕೇ.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ಗೃಹಲಕ್ಷ್ಮಿಯ 2,000 ಕೂಡ ಒಂದು ರೀತಿ ಓಟಿನ ಲಂಚವಲ್ಲವೇ?

ಉತ್ತರ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಯಾರಿಗೆ ಸಿಗಬೇಕು ಎಂದು ನಿಯಮ ಬರೆದಿದ್ದು, ಓಟು ಹಾಕದವರಿಗೂ ಸಿಗುವುದಾದರೆ ಅದು ಕಾರ್ಯಕ್ರಮ. ಅದು ಸರಿಯೇ ದುಬಾರಿಯೇ ಎಂದು ವಾದಿಸಬಹುದು. ಪ್ರಣಾಳಿಕೆಯ ಇಂಥ ಭರವಸೆ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಹೇಳಿದೆ, ಜೊತೆಗೆ ಮಾರ್ಗಸೂಚಿ ಮಾಡಲು ಚುನಾವಣಾ ಆಯೋಗಕ್ಕೆ ಸೂಚಿಸಿತು. ನಮಗೆ ಕಾಣುವ ಅಪಾಯ ಬೇರೆ ಕಡೆ ಇದೆ: ರೇಷನ್ ಕಾರ್ಡಿನಲ್ಲಿ ಯಜಮಾನಿಯ ಹೆಸರು ತಿದ್ದಿಸಲು ಓಣಿಯ ಪುಢಾರಿಯೇ ಬೇಕಾದರೆ, ನಿಯಮದ ಹಣವೂ ಅವನ ಹಂಗಿನದಾಗುತ್ತದೆ.

ಪ್ರಶ್ನೆ (ಬ್ಯಾಡಗಿ): ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿ ನಗದು ಒಯ್ಯುವಾಗ ಚೆಕ್‌ಪೋಸ್ಟ್‌ನಲ್ಲಿ ಹಿಡಿಯುತ್ತಾರೆ. ಏನು ಮಾಡಬೇಕು?

ಉತ್ತರ: ಲೋಕಸಭೆ, ವಿಧಾನಸಭೆ ಚುನಾವಣೆ ಹೊತ್ತಿನಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದಿಗೆ ದಾಖಲೆ ಕೇಳುತ್ತಾರೆ. ಅಡತಿ ಅಂಗಡಿಯ ಆ ದಿನದ ಪಟ್ಟಿ, ಗುರುತಿನ ಚೀಟಿ, ಪಹಣಿಯ ಪ್ರತಿ ಗಾಡಿಯಲ್ಲಿರಲಿ. ಪಟ್ಟಿಯಲ್ಲಿ ಬರೆದ ಹೆಸರು, ಹಣ ಒಯ್ಯುವವರ ಹೆಸರು ಬೇರೆಯಾದರೆ ತಕರಾರು ಬರುತ್ತದೆ. ಹಿಡಿದರೆ ರಸೀದಿ ಪಡೆಯಿರಿ. ಬಿಡಿಸಲು ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ, ಅದಕ್ಕೆ ಅರ್ಜಿ ಕೊಡಿ. ಸಾಧ್ಯವಾದರೆ ಆ ತಿಂಗಳಷ್ಟಾದರೂ ಹಣ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ.

ಪ್ರಶ್ನೆ (ಕುಂದಗೋಳ): ಹಂಚೂದು ಕಣ್ಣಿಗೆ ಕಂಡ್ರ ಯಾರಿಗೆ ಹೇಳಬೇಕು? ಮೊಬೈಲ್ ಆ್ಯಪಿನ್ಯಾಗ ಹಾಕಿದ್ರ ನಡೀತೈತೇನು?

ಉತ್ತರ: ಸಿ-ವಿಜಿಲ್ ಆ್ಯಪ್ ಕೇಂದ್ರ ಚುನಾವಣಾ ಆಯೋಗದ್ದು, ಲೋಕಸಭೆ ವಿಧಾನಸಭೆಗೆ. ಪಂಚಾಯ್ತಿ, ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿ ದೂರು ಹೋಗಬೇಕಾದದ್ದು ನಿಮ್ಮ ಪಂಚಾಯ್ತಿಯ ಚುನಾವಣಾಧಿಕಾರಿ, ತಹಶೀಲ್ದಾರ್ ಮತ್ತು ಜಿಲ್ಲಾಧಿಕಾರಿಗೆ, ಬರಹದಲ್ಲಿ. ಠಾಣೆಗೆ ಹೋದರೆ ‘ಇದು ನಮ್ಮ ಕೈಯಾಗಿಲ್ಲ’ ಎನ್ನಬಹುದು. ಓಟಿನ ಲಂಚ ಅಸಂಜ್ಞೇಯ ಅಪರಾಧವಾದ್ದರಿಂದ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದೂರು ದಾಖಲಿಸಿಕೊಂಡು ಅನುಮತಿ ಕೇಳಿ ಎಂದು ಬರೆದುಕೊಡಿ.

ದೂರು ಬಿದ್ದುಹೋಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ನೋಟು ಕಂಡಿದೆ, ಓಟು ಕೇಳಿದ ಮಾತು ಸಿಕ್ಕಿಲ್ಲ. ‘ಮದುವೆಗೆ ಕೊಟ್ಟ ಕೈಗಡ’ ಎಂದರೆ ಮುಗಿಯಿತು. ಆದ್ದರಿಂದ ದಿನ, ಗಂಟೆ, ಯಾರ ಮನೆ ಕಟ್ಟೆ, ಯಾರು ಯಾರಿಗೆ ಎಷ್ಟು ಕೊಟ್ಟರು, ಯಾರ ಹೆಸರು ಹೇಳಿ ಕೊಟ್ಟರು, ನೋಡಿದ ಇಬ್ಬರು ಯಾರು ಎಂದು ಆ ರಾತ್ರಿಯೇ ಬರೆದಿಡಿ. ಗುರುತು ಹಾಕಿದ ಮತದಾರರ ಪಟ್ಟಿ, ಟೋಕನ್, ಅಂಗಡಿಯ ಕೂಪನ್ ಸಿಕ್ಕರೆ ನೋಟಿನ ಫೋಟೊಗಿಂತ ಅವು ಗಟ್ಟಿ ಪುರಾವೆ. ವಿಡಿಯೊ ಇದ್ದರೆ ಮೂಲ ಫೋನಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಬಂದ ಪ್ರತಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಫಲಿತಾಂಶ ಬಂದ ಮೇಲೆ ಚುನಾವಣಾ ತಕರಾರು ಅರ್ಜಿಯನ್ನು ಸೋತ ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು. ಗ್ರಾಮ ಪಂಚಾಯ್ತಿಯದು ಸಿವಿಲ್ ನ್ಯಾಯಾಧೀಶರ ಮುಂದೆ, ಫಲಿತಾಂಶ ಘೋಷಣೆಯಾದ 30 ದಿನದೊಳಗೆ. ಪುರಾವೆಯನ್ನು ಕ್ರಿಮಿನಲ್ ಮೊಕದ್ದಮೆಯಷ್ಟೇ ಬಿಗಿಯಾಗಿ ನೋಡುತ್ತಾರೆ.

ಕೋರ್ಟು ಬೇಡವೆನ್ನುವವರಿಗೆ ನಂತರದ ಐದು ವರ್ಷವೂ ಒಂದು ದಾರಿ ಇದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಕಾಮಗಾರಿಯ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಪಾವತಿಯ ವೋಚರ್ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಾಲ್ಕು ರಸ್ತೆ ಸೇರಿಸಿ ಕೇಳಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ. ಯಾವ ಕಾಮಗಾರಿ ಕೇಳಬೇಕು ಎಂದು ತಿಳಿಯದಿದ್ದರೆ, ನಿಮ್ಮ ಮನೆ ಮುಂದಿನ ರಸ್ತೆಯಿಂದಲೇ ಶುರು ಮಾಡಿ.